ಹಂದಿ ತಿವಿದ ಹೊಟ್ಟೆ

ಚಾಮರಾಜನಗರ
12-6-2004

ಶ್ರೀಮದ್ ಭೀಮನಬೀಡು ಸಂಸ್ಥಾನದ ಏಕಚ್ಛತ್ರಾಧಿಪತಿಗಳೂ, ಮೂರೂಕಾಲು ಎಕರೆ ಅರಿಸಿನ ಹಾಗೂ ಮುಸುಕಿನ ಜೋಳದ ಸಾರ್ವಭೌಮರೂ, ವರಾಹಮರ್ದನ ಎಂಬ ಬಿರುದಾಂಕಿತರೂ, ಈಚೆಗೆ ದಿನಕ್ಕೆ ಎಂಟು ಬಾರಿ ಚೊಂಬು ಹಿಡಿದು ದಿಗ್ವಿಜಯಕ್ಕೆ ಹೊರಡುವವರೂ ಆದ ಸೋದರಮಾವ ಶ್ರೀ ಶಿವರುದ್ರಸ್ವಾಮಿಯವರ ದಿವ್ಯ ಸನ್ನಿಧಾನಕ್ಕೆ, ಅಳಿಯನೂ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಒಂದು ಸಬ್ಜೆಕ್ಟ್ ಉಳಿಸಿಕೊಂಡವನೂ ಆದ ದಿಲೀಪನು ಅಡ್ಡಬಿದ್ದು ಮಾಡುವ ವಿಜ್ಞಾಪನೆಗಳು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ತಮ್ಮ ಮಲಪರೀಕ್ಷೆಯ ಫಲಿತಾಂಶವನ್ನು ಮಂಟೇಸ್ವಾಮಿಯ ಅಂಗಡಿಯ ಒಂದು ರೂಪಾಯಿ ಫೋನಿಗೆ ಹೇಳಿದರೆ, ತಮಗಿಂತ ಮೊದಲು ಅದು ಅಲ್ಲಿ ಬೀಡಿ ಕೊಳ್ಳಲು ಬಂದವರಿಗೆ ತಲುಪುತ್ತದೆ. ರಾಜರಹಸ್ಯಗಳು ಅಂಚೆಯಲ್ಲೇ ಬರಲಿ.

ಹುಳು ಇಲ್ಲ, ಅಮೀಬಾ ಇಲ್ಲ. ಡಾಕ್ಟರು ಹೇಳಿದ್ದು ಇಷ್ಟು: ಕ್ರಿಮಿಗಳು ಎಲ್ಲರ ಹೊಟ್ಟೆಯಲ್ಲೂ ಇರುತ್ತವೆ, ಅವುಗಳ ಊರು ದೊಡ್ಡ ಕರುಳು. ತಮ್ಮಲ್ಲಿ ಅವು ಗಡಿ ದಾಟಿ ಸಣ್ಣ ಕರುಳಿಗೆ ನುಗ್ಗಿ ಸಂಸಾರ ಹೂಡಿವೆ. ಅತ್ತೆ ಬಡಿಸಿದ್ದನ್ನು ತಮಗಿಂತ ಮೊದಲು ಅವು ಉಣ್ಣುತ್ತಿವೆ. ಅದಕ್ಕೇ ಈ ಉಬ್ಬರ, ಭೇದಿ, ಅರವತ್ತೆರಡು ಕೆ.ಜಿ.ಯಿಂದ ಐವತ್ತನಾಲ್ಕಕ್ಕೆ ಇಳಿದ ರಾಜದೇಹ. ಅತ್ತೆಯ ಸಪ್ಪೆ ಸಾರನ್ನು ಉಂಡೂ ಅವು ಇಷ್ಟು ಹೆಚ್ಚಿವೆಯೆಂದರೆ ಅವುಗಳ ಸಹನೆಯನ್ನು ಮೆಚ್ಚಬೇಕು. ಹತ್ತು ದಿನದ ಕ್ಯಾಪ್ಸೂಲ್ ಬರೆದಿದ್ದಾರೆ. ಬಸ್ಸಿನಲ್ಲಿ ಕಳಿಸಿದ್ದೇನೆ. ದಿನಕ್ಕೆರಡು, ಊಟವಾದ ಮೇಲೆ.

ಇನ್ನು ಮೊನ್ನೆ ಆಸ್ಪತ್ರೆಯಲ್ಲಿ ನಾನು ಸಲ್ಲಿಸಿದ ಸೇವೆಯನ್ನು ಮರೆಯಬಾರದು. ಡಾಕ್ಟರು ತಮ್ಮ ಹೊಟ್ಟೆಯ ಮೇಲಿನ ಉದ್ದನೆಯ ಕಲೆ ನೋಡಿ ಇದೇನೆಂದು ಕೇಳಿದರು. ನಾನು 'ಕಾಡುಹಂದಿ ತಿವಿದದ್ದು ಸಾರ್' ಎಂದೆ. ತಾವು 'ಅದು ಹಂಗಲ್ಲ ಸಾ...' ಎಂದು ವಿನಯ ತೋರಿದಿರಿ. ವೀರರು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುವುದು ತರವಲ್ಲವೆಂದು ನಾನು ಅಡ್ಡಬಂದು, ಗುಂಡ್ಲುಪೇಟೆ ಕಡೆಯ ಮದ್ದೂರು ಕಾಡು, ತಪ್ಪಿಸಿಕೊಂಡ ಎತ್ತು, ಪೊದೆಯಿಂದ ನುಗ್ಗಿದ ಹಂದಿ, ತಾವು ಎರಡು ಕೈಯಲ್ಲೂ ಅದರ ಕೋರೆ ಹಿಡಿದದ್ದು, ಒಂದನ್ನೂ ಬಿಡದೆ ನಿವೇದಿಸಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ನರ್ಸಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಚೀಟಿಯಲ್ಲಿ 'ಹಂದಿ ತಿವಿದ ಹಳೆಯ ಗಾಯ' ಎಂದು ಬರೆದಾಗಿದೆ. ಇನ್ನು ಮುಂದೆ ಅದು ಸರ್ಕಾರಿ ದಾಖಲೆಯಷ್ಟೇ ಗಟ್ಟಿ.

ಇಂತಿ ಪಾದಧೂಳಿ,
ದಿಲೀಪ


ಭೀಮನಬೀಡು
4-7-2004

ಚಿ. ದಿಲೀಪನಿಗೆ ಮಾವ ಶಿವರುದ್ರಸ್ವಾಮಿ ಮಾಡುವ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ.

ನಿನ್ನ ಕಾಗದವನ್ನು ನಿಮ್ಮತ್ತೆ ಜೋರಾಗಿ ಓದಿದಳು. ಸಪ್ಪೆ ಸಾರು ಅಂತ ಬರೆದಿದ್ದೀಯಲ್ಲ, ಆ ಜಾಗ ಬಂದಾಗ ನಿಲ್ಲಿಸಿ ಒಂದು ಸಲ ನನ್ನ ಮುಖ ನೋಡಿ ಮುಂದಕ್ಕೆ ಓದಿದಳು.

ಗುಳಿಗೆ ಒಳ್ಳೇದು. ಮೂರನೇ ದಿನಕ್ಕೆ ಹೊಟ್ಟೆ ಇಳೀತು. ಹಸಿವು ಅಂದರೆ ಏನು ಅಂತ ಮರೆತುಬುಟ್ಟಿದ್ದೆ ಕಣ್ಲಾ. ಎರಡು ಮುದ್ದೆ ಉಂಡು ಎದ್ದೆ. ಆ ಡಾಕ್ಟರಿಗೆ ಒಂದು ಮೂಟೆ ಜೋಳದ ತೆನೆ ಕೊಡಬೇಕು, ಬೆಳೆ ಬಂದ ಮೇಲೆ ಜ್ಞಾಪಿಸು.

ಈ ಸಲ ಪೈರು ಚೆನ್ನಾಗಿದೆ. ತೆನೆ ಹಾಲು ತುಂಬಿದ ಮೇಲೆ ಹಂದಿ ಕಾವಲು ಶುರು. ಮೊದಲ ಸಂಜೆ ಊರಿನವರೆಲ್ಲ ಹೊಲದ ಹತ್ತಿರ ಸೇರಿ, ಮೊದಲ ಪಟಾಕಿಯನ್ನು ನನ್ನ ಕೈಲಿ ಹಚ್ಚಿಸುತ್ತಾರೆ, ನಿನಗೇ ಗೊತ್ತಲ್ಲ. ಹಂದಿ ಗೆದ್ದವನು ಹಚ್ಚಿದರೆ ಹಂದಿ ಹೆದರುತ್ತದೆ ಅಂತ ಅವರ ನಂಬಿಕೆ. ಇಪ್ಪತ್ತೊಂಬತ್ತು ವರ್ಷದಿಂದ ಹಚ್ಚುತ್ತಾ ಇದ್ದೀನಿ. ಅಷ್ಟೊತ್ತಿಗೆ ಗಟ್ಟಿಯಾಗಿ ನಿಲ್ಲೋ ಹಾಗಾಗಬೇಕು.

ತಾ.ಕ.: ಈ ಕಾಗದ ಬರೆದು ಆರು ದಿನ ಅಂಚೆಗೆ ಹಾಕಿರಲಿಲ್ಲ. ನಿನ್ನೆಯಿಂದ ಮತ್ತೆ ಉಬ್ಬರ. ರಾತ್ರಿಗೆ ಊಟ ಬೇಡ ಅಂದೆ.

ಇಂತಿ ನಿನ್ನ ಮಾವ,
ಶಿವರುದ್ರಸ್ವಾಮಿ


ಚಾಮರಾಜನಗರ
29-8-2004

ತೆರಕಣಾಂಬಿ ಬಸ್‌ಸ್ಟ್ಯಾಂಡಿನ ಹಿಂಭಾಗವನ್ನು ತಮ್ಮ ಪಾದಸ್ಪರ್ಶದಿಂದ ಪಾವನಗೊಳಿಸಿ, ಹೊರಟ ಬಸ್ಸನ್ನು ತೃಣಸಮಾನವಾಗಿ ಬಿಟ್ಟುಕೊಟ್ಟ ತ್ಯಾಗಮೂರ್ತಿಗಳಾದ ಮಾವನವರ ಸನ್ನಿಧಿಗೆ,

ಮೂರನೇ ದಂಡಯಾತ್ರೆಯೂ ವಿಫಲವಾಯಿತು. ಕ್ಯಾಪ್ಸೂಲ್ ನುಂಗಿದಾಗ ಶತ್ರುಗಳು ಓಡುತ್ತಾರೆ, ಹದಿನೈದು ದಿನಕ್ಕೆ ಮಡಕೆ ಕುಡಿಕೆ ಸಮೇತ ವಾಪಸ್ಸು ಬರುತ್ತಾರೆ. ಮೊನ್ನೆ ತಾವು ತೂಕದ ಮಷಿನ್ ಮೇಲೆ ನಿಂತಾಗ ಮುಳ್ಳು ನಲವತ್ತೊಂಬತ್ತು ತೋರಿಸಿತು. ಮಷಿನ್ ಸುಳ್ಳು ಹೇಳುತ್ತಿದೆಯೆಂದು ನಾನು ಹತ್ತಿ ನೋಡಿದೆ. ನನ್ನ ವಿಷಯದಲ್ಲಿ ಅದು ಸರಿಯಾಗಿಯೇ ಇತ್ತು.

ತಾವು ಹೋದ ಮೇಲೆ, ಹೊಸದಾಗಿ ಬಂದಿರುವ ಡಾಕ್ಟರ್ ಚಂದ್ರಮತಿಯವರು ನನ್ನನ್ನು ತಡೆದು ಕೂರಿಸಿಕೊಂಡರು. ನಾನು ಶಂಕಿತರ ಪಟ್ಟಿ ಸಲ್ಲಿಸಿದೆ: ಹುರುಳಿ ಬಸ್ಸಾರು, ಗುಂಡ್ಲುಪೇಟೆಯಲ್ಲಿ ತಾವು ಕದ್ದು ತಿನ್ನುವ ಪರೋಟ, ಬಾವಿಯ ನೀರು. ಅವರು ಮೂವರನ್ನೂ ಬಿಡುಗಡೆ ಮಾಡಿದರು. 'ಕ್ರಿಮಿ ಕಾಯಿಲೆಯಲ್ಲ ಕಣಪ್ಪ, ಬಾಡಿಗೆಗೆ ಬಂದಿರೋದು. ಖಾಲಿ ಮಾಡಿಸ್ತೀವಿ, ಮತ್ತೆ ಬರ್ತಾವೆ. ಬಾಗಿಲು ಯಾಕೆ ತೆಗೆದಿದೆ ಅಂತ ಯಾರೂ ನೋಡಿಲ್ಲ' ಎಂದರು.

ಅವರು ಹೇಳಿದ ಪ್ರಕಾರ ಕಾವಲು ಮೂರು ಬಗೆ. ಹೊಟ್ಟೆಯ ಹುಳಿರಸ ಕ್ರಿಮಿಗಳನ್ನು ಸುಡುತ್ತದೆ. ಕರುಳು ತನ್ನನ್ನು ತಾನೇ ಗುಡಿಸಿಕೊಂಡು ಎಲ್ಲವನ್ನೂ ಮುಂದಕ್ಕೆ ತಳ್ಳುತ್ತದೆ. ಮೂರನೆಯದು, ದಾರಿ ನೆಟ್ಟಗಿರಬೇಕು, ಎಲ್ಲೂ ನಿಂತ ನೀರು ಇರಬಾರದು. ಇವುಗಳಲ್ಲಿ ಯಾವುದು ಕೆಟ್ಟರೂ ಕ್ರಿಮಿಗಳು ಮತ್ತೆ ಮತ್ತೆ ಬರುತ್ತವೆ. ಸಕ್ಕರೆ ಕಾಯಿಲೆ, ಥೈರಾಯಿಡ್, ಕರುಳಿನ ಕ್ಷಯ, ಹಳೆಯ ಆಪರೇಷನ್, ಏನು ಬೇಕಾದರೂ ಕಾರಣವಾಗಿರಬಹುದಂತೆ. ಸಕ್ಕರೆ, ಥೈರಾಯಿಡ್ ಎರಡೂ ಸರಿಯಾಗಿವೆ. ಗ್ಯಾಸಿಗೆಂದು ತಾವು ಎಂಟು ವರ್ಷದಿಂದ ಯಾರನ್ನೂ ಕೇಳದೆ ದಿನಾ ಬೆಳಗ್ಗೆ ನುಂಗುವ ಮಾತ್ರೆಯನ್ನು ಇವತ್ತಿನಿಂದಲೇ ನಿಲ್ಲಿಸಬೇಕು. ಹುಳಿರಸವೆಂಬ ಕಾವಲುಗಾರನಿಗೆ ಅದು ನಿದ್ದೆ ಬರಿಸಿದೆಯಂತೆ.

ಆಮೇಲೆ ಅವರು ಹಳೆಯ ಚೀಟಿ ಓದಿದರು. 'ಹಂದಿ ತಿವಿದ ಗಾಯ' ಎಂಬಲ್ಲಿ ನಿಂತರು. ತಮ್ಮ ಕಲೆ ಎದೆಗೂಡಿನ ಕೆಳಗಿನಿಂದ ಹೊಕ್ಕುಳವರೆಗೆ ನೆಟ್ಟಗಿದೆಯೆಂದೂ, ಎರಡು ಕಡೆಯೂ ಹೊಲಿಗೆಯ ಚುಕ್ಕಿಗಳು ಸಮನಾಗಿವೆಯೆಂದೂ ಹೇಳಿ ನನ್ನ ಕಡೆ ನೋಡಿ ಕೇಳಿದರು: 'ಯಾವ ಹಂದಿಯಪ್ಪ ಅದು, ಸ್ಕೇಲ್ ಇಟ್ಟು ಗೆರೆ ಎಳೆದಿದೆ?'

ನಾನು ತಮ್ಮ ಪರವಾಗಿ ಮೌನ ವಹಿಸಿದೆ.

ಇಂತಿ,
ಪ್ರತಿವಾದಿಯ ವಕೀಲ ದಿಲೀಪ


ಭೀಮನಬೀಡು
9-9-2004

ದಿಲೀಪನಿಗೆ,

ಊರಿಗೂರೇ ನಂಬಿದ್ದನ್ನು ನೆನ್ನೆ ಮೊನ್ನೆ ಬಂದ ಡಾಕ್ಟರಮ್ಮ ನಂಬೊಲ್ಲ ಅಂದರೆ ಬೇಡ. ಅವಳೇನು ಮದ್ದೂರು ಕಾಡಿಗೆ ಬಂದಿದ್ದಳಾ? ನೀನು ಮೌನವಾಗಿದ್ದೆ ಅಂತ ಬರೆದಿದ್ದೀಯ. ಇಷ್ಟು ವರ್ಷ ನಿನ್ನ ಬಾಯಿ ಮುಚ್ಚಿದ್ದು ನಾನು ನೋಡಿಲ್ಲ, ಅವತ್ತೇ ಮುಚ್ಚಬೇಕಿತ್ತಾ? ಇನ್ನು ಆಸ್ಪತ್ರೆ ಸಾವಾಸ ಬೇಡ. ನಾಟಿ ಔಷಧಿ ತರಿಸ್ತೀನಿ.

ಒಂದು ಮಾತು. ಯಾರಿಗೂ ಹೇಳಬೇಡ. ಸೋಮವಾರ ಹೊಲದಿಂದ ಬಂದು ಜಗಲಿ ಮೇಲೆ ಕೂತೆ. ನಿಮ್ಮತ್ತೆ 'ಇನ್ನೊಂದು ಚಪ್ಪಲಿ ಎಲ್ರೀ?' ಅಂದಳು. ನೋಡಿದರೆ ಎಡಗಾಲಲ್ಲಿ ಇಲ್ಲ. ಕಾಲುವೆ ಹತ್ತಿರವೇ ಕಳಚಿಕೊಂಡಿತ್ತು. ಅಷ್ಟು ದೂರ ಕಲ್ಲು ಮುಳ್ಳು ತುಳಿದುಕೊಂಡು ಬಂದಿದ್ದೀನಿ, ಗೊತ್ತೇ ಆಗಿಲ್ಲ. ಕಾಲು ನಂದು ಅಂತ ಅನ್ನಿಸೊಲ್ಲ ಕಣ್ಲಾ. ಹತ್ತಿ ಮೇಲೆ ನಿಂತಂಗೆ.

ಶಿವರುದ್ರಸ್ವಾಮಿ


ಚಾಮರಾಜನಗರ
14-9-2004

ಭೀಮನಬೀಡು ವರಾಹ ಪ್ರಕರಣ ವಿಚಾರಣಾ ಆಯೋಗ
(ಅಧ್ಯಕ್ಷರು, ಸದಸ್ಯರು ಹಾಗೂ ಜವಾನ: ದಿಲೀಪ)

ಈ ಮೂಲಕ ಶ್ರೀ ಶಿವರುದ್ರಸ್ವಾಮಿ ಬಿನ್ ಲೇಟ್ ಮರಿಮಲ್ಲಪ್ಪ, ವಯಸ್ಸು ಐವತ್ತನಾಲ್ಕು, ಇವರಿಗೆ ತಿಳಿಯಪಡಿಸುವುದೇನೆಂದರೆ,

ಯಾರಿಗೂ ಹೇಳಬೇಡ ಎಂದ ಮಾತನ್ನು ಆಯೋಗವು ತಕ್ಷಣವೇ ಡಾಕ್ಟರ್ ಚಂದ್ರಮತಿಯವರಿಗೆ ಹೇಳಿರುತ್ತದೆ. ಅವರ ಹೇಳಿಕೆಯ ನಕಲು: 'ಬಿ ಹನ್ನೆರಡು ಅಂತ ಒಂದು ವಿಟಮಿನ್. ಹೋದ ಸಲ ತೆಗೆದ ರಕ್ತದಲ್ಲಿ ಅದು ಬೇಕಾದ ಅರ್ಧವೂ ಇಲ್ಲ. ಕ್ರಿಮಿಗಳೇ ತಿಂದುಹಾಕ್ತಿವೆ. ಅದಿಲ್ಲದೆ ನರ ಸಾಯುತ್ತೆ. ತಕ್ಷಣ ಕರ್ಕೊಂಡು ಬಾ, ಬಂದ ದಿನವೇ ಇಂಜೆಕ್ಷನ್ ಶುರು ಮಾಡ್ತೀನಿ, ಕಾಲು ಎಷ್ಟು ವಾಪಸ್ ಬರುತ್ತೋ ಬರಲಿ. ಆದರೆ ಕ್ರಿಮಿ ಎಲ್ಲಿ ಕೂತಿದೆ ಅಂತ ಗೊತ್ತಾಗದೆ ಇದ್ದರೆ ಮುಂದಿನ ವರ್ಷ ನಿಮ್ಮ ಮಾವ ಗೋಡೆ ಹಿಡ್ಕೊಂಡು ನಡೀಬೇಕಾಗುತ್ತೆ. ಆ ಹೊಟ್ಟೆ ಯಾಕೆ ಕೊಯ್ದರು ಅಂತ ಅವರ ಬಾಯಿಂದಲೇ ಬರಲಿ.'

ಆದಕಾರಣ ಆಯೋಗವು ಕೇಳುತ್ತದೆ. ಸದರಿ ಹಂದಿಯು ಗಂಡೋ ಹೆಣ್ಣೋ? ಎತ್ತು ಸಿಕ್ಕಿತೋ ಇಲ್ಲವೋ? ಹೋದ ವರ್ಷ ಎಡಗಡೆಯಿಂದ ನುಗ್ಗಿದ ಹಂದಿ ಅದರ ಹಿಂದಿನ ವರ್ಷ ಬಲಗಡೆಯಿಂದ ನುಗ್ಗಿದ್ದು ಹೇಗೆ? ಆಯೋಗಕ್ಕೆ ಕಥೆ ಬೇಡ, ಸತ್ಯವೊಂದೇ ಸಾಕು. ಸತ್ಯವನ್ನು ಬಚ್ಚಿಟ್ಟು ಇನ್ನೊಬ್ಬರ ಪ್ರಾಣಕ್ಕೆ, ಇಲ್ಲಿ ತಮ್ಮದೇ ಪ್ರಾಣಕ್ಕೆ, ಅಪಾಯ ತರುವುದು ಘೋರ ಅಪರಾಧವೆಂದು ಆಯೋಗವು ಭಾವಿಸುತ್ತದೆ.

ಸಹಿ ಮತ್ತು ಮೊಹರು (ಮೊಹರು ಬಾಟಲಿ ಮುಚ್ಚಳದ್ದು),
ದಿಲೀಪ


ಭೀಮನಬೀಡು
22-9-2004

ಚಿ. ದಿಲೀಪನಿಗೆ ಆಶೀರ್ವಾದ.

ಈ ಕಾಗದ ಓದಿ ಸುಟ್ಟುಬುಡು. ನಿಮ್ಮತ್ತೆ ತವರಿಗೆ ಹೋಗಿದ್ದಾಳೆ, ಅದಕ್ಕೇ ಬರೀತಾ ಇದ್ದೀನಿ.

ಹಂದಿ ಇರಲಿಲ್ಲ. ಎತ್ತೂ ತಪ್ಪಿಸಿಕೊಂಡಿರಲಿಲ್ಲ. ಎಪ್ಪತ್ನಾಲ್ಕರಲ್ಲಿ ನನಗೆ ಹೊಟ್ಟೆ ಹುಣ್ಣು. ರಕ್ತ ಕಕ್ಕಿದೆ. ನಿಮ್ಮ ತಾತ ರಾತ್ರೋರಾತ್ರಿ ಲಾರಿಯಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು. ಅಲ್ಲಿ ಕೊಯ್ದರು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದೆ. ಅಷ್ಟೊತ್ತಿಗೆ ನಿಮ್ಮತ್ತೆ ಕಡೆಯವರು ಹೆಣ್ಣು ಕೊಡ್ತೀವಿ ಅಂತ ಮಾತಾಡಿ ಹೋಗಿದ್ದರು. ಹೊಟ್ಟೆ ಕೊಯ್ಸಿಕೊಂಡ ಗಂಡಿಗೆ ಯಾರು ಕೊಡ್ತಾರೆ? ಬಸ್ಸಿಳಿದು ಊರೊಳಕ್ಕೆ ಬರುವಾಗ ದೊಡ್ಡಮಾದಯ್ಯ ಎದುರು ಸಿಕ್ಕಿ 'ಇದೇನ್ಲಾ ಇಂಗಾಗ್ಬುಟ್ಟಿದ್ದೀಯ?' ಅಂದ. ನಾನು ಬಾಯಿ ಬಿಡೋಕೆ ಮುಂಚೆ ನಿಮ್ಮ ತಾತ 'ಮದ್ದೂರು ಕಾಡಲ್ಲಿ ಹಂದಿ ತಿವೀತು' ಅಂದುಬುಟ್ಟರು. ಅಷ್ಟೇ. ಮಿಕ್ಕಿದ್ದೆಲ್ಲ ಊರಿನವರೇ ಸೇರಿಸಿದ್ದು. ಕೋರೆ ಹಿಡಿದದ್ದು ಯಾರು ಸೇರಿಸಿದರೋ ನನಗೂ ಗೊತ್ತಿಲ್ಲ. ಅದು ಚೆನ್ನಾಗಿದೆ ಅಂತ ನಾನೂ ಇಟ್ಟುಕೊಂಡೆ.

ಇದರಿಂದ ಕಾಲು ಹೋಗ್ತದೆ ಅಂತ ಯಾರಿಗೆ ಗೊತ್ತಿತ್ತು? ಹುಣ್ಣು ಅವತ್ತೇ ಮುಗೀತು ಅಂದುಕೊಂಡಿದ್ದೆ. ಡಾಕ್ಟರಮ್ಮನಿಗೆ ಹೇಳು. ಆಸ್ಪತ್ರೆ ಕಾರ್ಡು ನಿಮ್ಮ ತಾತನ ಟ್ರಂಕಿನಲ್ಲಿತ್ತು. ನೆನ್ನೆ ಹುಡುಕಿದೆ, ಇಲ್ಲ. ಇಲಿ ತಿಂದಿರಬೇಕು.

ನಿಮ್ಮತ್ತೆಗೆ ಏನು ಹೇಳಲಿ? ಸುಳ್ಳು ಹೇಳಿ ಕಟ್ಟಿಕೊಂಡವನು ಅಂತ ಆಗ್ತದೆ. ಪಟಾಕಿ ದಿನ ಬರ್ತಾ ಇದೆ. ಹಚ್ಚೋಕೆ ಕೈ ಬರೊಲ್ಲ.

ಇಂತಿ,
ಶಿವರುದ್ರಸ್ವಾಮಿ


ಭೀಮನಬೀಡು
8-10-2004

ಚಿ. ದಿಲೀಪನಿಗೆ ನಿಮ್ಮತ್ತೆ ಗಂಗಾಂಬಿಕೆ ಮಾಡುವ ಆಶೀರ್ವಾದಗಳು.

ನಾನು ನಾಲ್ಕನೇ ಕ್ಲಾಸು. ತಪ್ಪು ಇದ್ದರೆ ನಗಬೇಡ.

ಹೋದ ಶನಿವಾರ ನಿಮ್ಮ ಮಾವ ಊಟಕ್ಕೆ ಕೂತವರು ತಟ್ಟೆ ಮುಂದಕ್ಕೆ ತಳ್ಳಿ 'ಗಂಗಾ, ನಿನಗೊಂದು ಮಾತು ಹೇಳಬೇಕು' ಅಂದರು. ಹಂದಿ ವಿಷಯ ಹೇಳಿದರು. ನಾನು ಕೇಳಿ ಮುಗಿಸಿ 'ಸಾರು ಆರೋಗ್ತದೆ, ಉಣ್ಣಿ' ಅಂದೆ.

ನನಗೆ ಮದುವೆಯಾದ ತಿಂಗಳೇ ಗೊತ್ತು ಕಣಪ್ಪ. ನಮ್ಮತ್ತೆ ಒಲೆ ಮುಂದೆ ಕೂರಿಸಿಕೊಂಡು 'ಅವನ ಹೊಟ್ಟೆ ಕೊಯ್ದವ್ರೆ, ಖಾರ ಹಾಕಬೇಡ, ನಿನಗೆ ಗೊತ್ತು ಅಂತ ಅವನಿಗೆ ತೋರಿಸಬೇಡ' ಅಂದಿದ್ದರು. ಅವತ್ತಿನಿಂದ ಸಪ್ಪೆ ಸಾರೇ. ನೀವೆಲ್ಲ ಅತ್ತೆಗೆ ಅಡಿಗೆ ಬರೊಲ್ಲ ಅಂತೀರಿ, ಅನ್ನಿ. ಅವರು ಹಂದಿ ಕಥೆ ಹೇಳುವಾಗ ಮುಖ ಹೊಳೀತಿತ್ತು, ಅದನ್ನ ಯಾಕೆ ಕೆಡಿಸಲಿ ಅಂತ ಸುಮ್ಮನಿದ್ದೆ. ಆಸ್ಪತ್ರೆಗೆ ಬಂದಾಗ ನಾನು ಹೊರಗೆ ಬೆಂಚಿನ ಮೇಲಿದ್ದೆ. ಒಳಗೆ ಹೋದವನು ನೀನು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ನೆನ್ನೆ ಸಂಜೆ ಕಾವಲು ಶುರುವಾಯ್ತು. ಊರಿನವರೆಲ್ಲ ಬಂದಿದ್ದರು. ದೊಡ್ಡಮಾದಯ್ಯ ಪಟಾಕಿ ಪೊಟ್ಟಣ ಕೊಡೋಕೆ ಹೋದರೆ ನಿಮ್ಮ ಮಾವ ಕೋಲೂರಿಕೊಂಡು ನಿಂತು 'ನನಗೆ ಯಾವ ಹಂದಿನೂ ತಿವಿದಿಲ್ಲ, ಹುಣ್ಣಾಗಿ ಕೊಯ್ಸಿಕೊಂಡಿದ್ದೆ. ಬೇರೆಯವರ ಕೈಲಿ ಹಚ್ಚಿಸಿ' ಅಂದರು. ಆಮೇಲೆ ದೊಡ್ಡಮಾದಯ್ಯ ಅಂದ: 'ಅದು ನಿನ್ ಮಾತು. ನಿನಗೆ ಗೊತ್ತು, ನಮಗೆ ಗೊತ್ತು. ಹಂದಿಗೆ ಗೊತ್ತಾ? ಅಚ್ಚು ಅಚ್ಚು, ಒತ್ತಾಯ್ತದೆ!' ನಿಮ್ಮ ಮಾವ ಹಚ್ಚಿದರು. ಮೊದಲ ಕಡ್ಡಿ ಆರಿತು, ಎರಡನೆಯದಕ್ಕೆ ಹೊತ್ತಿತು.

ಡಾಕ್ಟರಮ್ಮ ಹೇಳಿದ ಎಕ್ಸ್‌ರೇಗೆ ಮೈಸೂರಿಗೆ ಯಾವತ್ತು ಹೋಗಬೇಕು ಬರಿ. ಈ ಸಲ ನಾನು ಒಳಕ್ಕೆ ಬರ್ತೀನಿ.

ಇಂತಿ,
ನಿಮ್ಮತ್ತೆ ಗಂಗಾಂಬಿಕೆ


ಚಾಮರಾಜನಗರ
18-10-2004

ಮಾಜಿ ವರಾಹಮರ್ದನರೂ, ಹಾಲಿ ಸತ್ಯಸಂಧರೂ, ಸುಣ್ಣದ ನೀರಿನಂಥ ಔಷಧಿಯನ್ನು ಒಂದು ಲೋಟ ಕುಡಿದು ಎಕ್ಸ್‌ರೇ ಯಂತ್ರದ ಮುಂದೆ ಎದೆಯೊಡ್ಡಿ ನಿಂತವರೂ ಆದ ಮಾವನವರ ಸನ್ನಿಧಿಗೆ, ರಿಜಿಸ್ಟರ್ಡ್ ಅಂಚೆಯ ಮೂಲಕ,

ಮೈಸೂರಿನ ಎಕ್ಸ್‌ರೇಯನ್ನು ಡಾಕ್ಟರ್ ಚಂದ್ರಮತಿಯವರು ಕಿಟಕಿಗೆ ಹಿಡಿದು ನನಗೆ ತೋರಿಸಿದರು. ಆಗಿನ ಕಾಲದಲ್ಲಿ ಹುಣ್ಣಿಗೆ ಹುಳಿರಸ ಉಕ್ಕಿಸುವ ನರ ಕತ್ತರಿಸಿ, ಹೊಟ್ಟೆಯಿಂದ ಕರುಳಿಗೆ ಹೊಸ ದಾರಿ ಹೊಲಿಯುತ್ತಿದ್ದರಂತೆ. ಹೊಸ ರಸ್ತೆಯಾದ ಮೇಲೆ ಹಳೆಯ ತುಂಡು ಹಾಗೇ ಬದಿಗೆ ಉಳಿಯಿತು. ಅಲ್ಲಿ ಹೋದದ್ದು ಸರಿಯಾಗಿ ಮುಂದೆ ಸಾಗುವುದಿಲ್ಲ. ನರವಿಲ್ಲದ್ದರಿಂದ ತಳ್ಳುವವರಿಲ್ಲ, ಹುಳಿ ಕಡಿಮೆಯಾದ್ದರಿಂದ ಸುಡುವವರಿಲ್ಲ, ಮಿಕ್ಕಿದ್ದನ್ನು ಗ್ಯಾಸಿನ ಮಾತ್ರೆ ಮುಗಿಸಿತು. ಕ್ರಿಮಿಗಳಿಗೆ ಇಷ್ಟು ವರ್ಷ ಅದೇ ಮನೆ. ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಮೂವತ್ತು ವರ್ಷದ ಮೇಲೆ ಹೀಗಾಗುತ್ತದೆ ಎಂದರು. ಮೈಸೂರಿನ ಸರ್ಜನ್ ಆ ತುಂಡನ್ನು ಸರಿಪಡಿಸಬಹುದೇ ನೋಡುತ್ತಾರೆ. ಆಗದಿದ್ದರೆ ತಿಂಗಳಿಗೊಂದು ಬಗೆಯ ಕ್ಯಾಪ್ಸೂಲ್, ಜೊತೆಗೆ ಇಂಜೆಕ್ಷನ್. ಬಲಗಾಲಿನ ಹೆಬ್ಬೆರಳಿಗೆ ಸೂಜಿ ಚುಚ್ಚಿದಾಗ ತಾವು 'ಅಯ್ಯಪ್ಪಾ' ಎಂದಿರಿ. ನಾಲ್ಕು ತಿಂಗಳಲ್ಲಿ ಆಸ್ಪತ್ರೆಯಲ್ಲಿ ನಾನು ಕೇಳಿದ ಅತ್ಯಂತ ಇಂಪಾದ ಶಬ್ದ ಅದೇ.

ಇನ್ನೊಂದು ವಿಷಯ. ಆ ದಿನ ಏನು ಕತ್ತರಿಸಿದರು, ಯಾವುದನ್ನು ಯಾವುದಕ್ಕೆ ಹೊಲಿದರು ಎಂದು ಕಾಗದದಲ್ಲಿದ್ದರೆ ಕೆಲಸ ಅರ್ಧ ಹಗುರವೆಂದು ಸರ್ಜನ್ ಹೇಳಿದರು. ತಾವು 'ಇಲಿ ತಿಂದ್ಬುಟ್ಟವೆ ಸಾ' ಎಂದಿರಿ. ಅತ್ತೆ ನಿಟ್ಟುಸಿರು ಬಿಟ್ಟರು. ನಾನು ಕಿಟಕಿಯಾಚೆ ನಿಂತಿದ್ದ ಸ್ಕೂಟರುಗಳನ್ನು ಎಣಿಸುತ್ತಿದ್ದೆ.

ಇದರೊಂದಿಗೆ ಆ ಕಾರ್ಡನ್ನು ಲಗತ್ತಿಸಿದೆ. ಮಡಿಕೆಯಲ್ಲಿ ಸ್ವಲ್ಪ ಹರಿದಿದೆ, ಓದಲು ಬರುತ್ತದೆ.

ಆರನೇ ಕ್ಲಾಸಿನಲ್ಲಿ ಕಥೆ ಹೇಳುವ ಸ್ಪರ್ಧೆಯಲ್ಲಿ ನನಗೆ ಜಾಮಿಟ್ರಿ ಬಾಕ್ಸ್ ಬಹುಮಾನ ಬಂದದ್ದು ನಿಮಗೆ ನೆನಪಿರಬಹುದು. ಕಥೆ ನಿಮ್ಮ ಹಂದಿಯದು. ಹೆಡ್‌ಮಾಸ್ಟರು ಎದ್ದುನಿಂತು ಚಪ್ಪಾಳೆ ತಟ್ಟಿದ್ದರು. ಆ ಬೇಸಿಗೆ ರಜಕ್ಕೆ ಭೀಮನಬೀಡಿಗೆ ಬಂದು ತಾತನ ಟ್ರಂಕಿನಲ್ಲಿ ಗಾಳಿಪಟಕ್ಕೆ ಕಾಗದ ಹುಡುಕುವಾಗ ಇದು ಸಿಕ್ಕಿತು. ಇಂಗ್ಲಿಷ್ ಪೂರ್ತಿ ಬರುತ್ತಿರಲಿಲ್ಲ. ನಿಮ್ಮ ಹೆಸರು ಓದಿದೆ, ಆಪರೇಷನ್ ಎಂಬ ಪದ ಓದಿದೆ, ಎರಡು ಸಲ ಹುಡುಕಿದರೂ ಅದರಲ್ಲಿ ಹಂದಿ ಸಿಗಲಿಲ್ಲ. ಬೇರೆ ಯಾರಾದರೂ ನೋಡಿದರೆ ಬಹುಮಾನ ಕಿತ್ತುಕೊಳ್ಳುತ್ತಾರೆಂದು ಬಾಕ್ಸಿನಲ್ಲಿ ಸ್ಕೇಲಿನ ಕೆಳಗೆ ಇಟ್ಟೆ. ಅಲ್ಲೇ ಇತ್ತು. ಆಯೋಗದ ನೋಟಿಸನ್ನು ಬರೆದದ್ದೂ ಆ ಬಾಕ್ಸ್ ಇರುವ ಮೇಜಿನ ಮೇಲೆಯೇ.

ಜೂನ್ ತಿಂಗಳಲ್ಲಿ ಡಾಕ್ಟರ ಮುಂದೆ 'ಅದು ಹಂಗಲ್ಲ ಸಾ' ಎಂದಾಗ ನೀವು ವಿನಯ ತೋರಿಸುತ್ತಿರಲಿಲ್ಲ, ಮಾವ. ನನಗೆ ಆಗಲೂ ಗೊತ್ತಿತ್ತು.

ಇಂತಿ,
ಟ್ರಂಕಿನ ಇಲಿ,
ದಿಲೀಪ